ರಾಮನಗರ ಎಲ್ಲಿ ಹೋಯ್ತು? ಮೈಸೂರು ರಸ್ತೆಯ ಕಥೆ

ಪ್ರಶ್ನೆ: ಸರ್, ನಾನು ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿದ್ದೇನೆ. ನಮ್ಮೂರು ಮದ್ದೂರು ದಾಟಿ ಮಂಡ್ಯದ ಕಡೆಗೆ. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಹೋಗುವಾಗೆಲ್ಲ "ರಾಮನಗರ ಎಲ್ಲಿ ಹೋಯ್ತು, ಚನ್ನಪಟ್ಟಣ ಬರಲೇ ಇಲ್ವಲ್ಲ" ಅಂತ ಕೇಳುತ್ತಾರೆ. ನನಗೂ ಗೊತ್ತಿಲ್ಲ. ಇದು ಎಕ್ಸ್‌ಪ್ರೆಸ್‌ವೇನಾ, ಹೆದ್ದಾರಿನಾ? ಹತ್ತು ಲೇನ್ ಅಂತಾರೆ, ನನಗೆ ಆರೇ ಕಾಣುತ್ತವೆ. ಹಳೇ ರಸ್ತೆ ಏನಾಯಿತು? ಇನ್ನೊಂದು, ಅಪ್ಪ ತಮ್ಮ ಸ್ಕೂಟರ್‌ನಲ್ಲೇ ಒಮ್ಮೆ ಊರಿಗೆ ಹೋಗಬೇಕು ಅಂತಿದ್ದಾರೆ. ಆಗುತ್ತಾ?

ಉತ್ತರ: ನಿಮ್ಮ ತಂದೆ ಕೇಳಿದ್ದು ತುಂಬಾ ಸರಿಯಾದ ಪ್ರಶ್ನೆ. ರಸ್ತೆ ಕೆಲಸದಲ್ಲೇ ಆಯಸ್ಸು ಕಳೆದವನು ನಾನು, ಮೈಸೂರು ರಸ್ತೆಯಲ್ಲಿ ಚಿಕ್ಕವನಿದ್ದಾಗಿನಿಂದ ಓಡಾಡಿದವನು. ಈ ರಸ್ತೆಯಲ್ಲಿ ಆದ ದೊಡ್ಡ ಬದಲಾವಣೆ ಅಗಲದ್ದಲ್ಲ. ಮೊದಲು ರಸ್ತೆ ಊರಿಂದ ಊರಿಗೆ ಹೋಗುತ್ತಿತ್ತು, ಈಗ ಊರು ತಪ್ಪಿಸಿಕೊಂಡು ಹೋಗುತ್ತದೆ. ಅದನ್ನು ನಿಮ್ಮ ತಂದೆ ಕಾರಿನ ಕಿಟಕಿಯಿಂದಲೇ ಹಿಡಿದುಬಿಟ್ಟಿದ್ದಾರೆ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಬಹಳ ಕಾಲ ಇದು ರಾಜ್ಯ ಹೆದ್ದಾರಿ 17. ಹಳೇ ಕಿಲೋಮೀಟರ್ ಕಲ್ಲುಗಳಲ್ಲಿ, ಅಂಗಡಿ ಬೋರ್ಡುಗಳಲ್ಲಿ "ಎಸ್‌ಎಚ್ 17" ಅಂತ ಇದ್ದದ್ದು ಅದಕ್ಕೇ. ಮೈಸೂರಿನಿಂದ ಆಚೆ ಮಡಿಕೇರಿ ಕಡೆಗೆ ಹೋಗುತ್ತಿದ್ದದ್ದು ಬೇರೆ ನಂಬರು, ರಾಜ್ಯ ಹೆದ್ದಾರಿ 88. ಆಮೇಲೆ ಎರಡನ್ನೂ ಸೇರಿಸಿ ರಾಷ್ಟ್ರೀಯ ಹೆದ್ದಾರಿ 275 ಮಾಡಿದರು. ಬಂಟ್ವಾಳ, ಪುತ್ತೂರು, ಸುಳ್ಯ, ಮಡಿಕೇರಿ, ಕುಶಾಲನಗರ, ಹುಣಸೂರು, ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಬೆಂಗಳೂರು. ಇಷ್ಟೂ ಒಂದೇ ನಂಬರು.

ಈ ನಂಬರಿನಲ್ಲೇ ಒಂದು ಸಂಗತಿ ಅಡಗಿದೆ, ಜಾಸ್ತಿ ಜನ ಗಮನಿಸಿಲ್ಲ. ದೇಶದ ಹೆದ್ದಾರಿಗಳಿಗೆ 2010ರಲ್ಲಿ ಹೊಸ ನಂಬರು ಕೊಟ್ಟಾಗ, ಮೂರಂಕಿ ನಂಬರಿನ ಕೊನೆಯ ಎರಡು ಅಂಕಿ ತಾಯಿ ರಸ್ತೆಯದ್ದು ಅಂತ ನಿಯಮ ಮಾಡಿದರು. 275ರ ತಾಯಿ ರಸ್ತೆ 75. ಅದು ಬಂಟ್ವಾಳದಿಂದ ಶಿರಾಡಿ ಘಾಟ್ ಹತ್ತಿ, ಹಾಸನ ದಾಟಿ ಬೆಂಗಳೂರಿಗೆ ಬರುತ್ತದೆ. ನಮ್ಮ ರಸ್ತೆ ಅದೇ ಬಂಟ್ವಾಳದಲ್ಲಿ ಕವಲೊಡೆದು, ಕೊಡಗು ಮೈಸೂರು ಸುತ್ತಿಕೊಂಡು ಅದೇ ಬೆಂಗಳೂರಿಗೆ ಬರುತ್ತದೆ. ಅಂದರೆ ಕಾಗದದ ಮೇಲೆ ಬೆಂಗಳೂರು–ಮೈಸೂರು ಅನ್ನೋದು ಕರಾವಳಿಗೆ ಹೋಗುವ ಕವಲು ದಾರಿಯ ಒಂದು ತುಂಡು!

ಎಕ್ಸ್‌ಪ್ರೆಸ್‌ವೇ ಅನ್ನೋದು ಬಾಯಿಮಾತು. ದಾಖಲೆಯಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 275, ಪ್ರವೇಶ ನಿಯಂತ್ರಿತ ಹೆದ್ದಾರಿ. ಬೇಕಾದ ಕಡೆ ಹತ್ತುವಂತಿಲ್ಲ, ಬೇಕಾದ ಕಡೆ ಇಳಿಯುವಂತಿಲ್ಲ. ದಶಪಥ ಅಂತ ಪೇಪರ್‌ನವರು ಬರೆದಿದ್ದೂ ಸುಳ್ಳಲ್ಲ, ನಿಮಗೆ ಆರು ಕಂಡಿದ್ದೂ ಸುಳ್ಳಲ್ಲ. ನಡುವೆ ಆರು ಲೇನ್, ಎರಡೂ ಬದಿಯಲ್ಲಿ ಎರಡೆರಡು ಲೇನ್‌ನ ಸರ್ವಿಸ್ ರಸ್ತೆ. ಒಟ್ಟು ಹತ್ತು. ಬೇಲಿಯ ಒಳಗಿನ ಆರು ದೂರ ಹೋಗುವವರಿಗೆ, ಹೊರಗಿನ ನಾಲ್ಕು ಊರವರಿಗೆ. ಆ ಹೊರಗಿನ ನಾಲ್ಕರ ಬಗ್ಗೆ ನನಗೆ ಹೇಳೋದು ಬಹಳ ಇದೆ, ಮುಂದೆ ಬರುತ್ತೇನೆ.

ಈಗ ಹಳೇ ದಾರಿ. ಬೆಂಗಳೂರಿಂದ ಮೈಸೂರಿಗೆ 140 ಕಿಲೋಮೀಟರ್ ಆಸುಪಾಸು. ದಾರಿಯ ಊರುಗಳನ್ನು ನೋಡಿ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಹೆಚ್ಚುಕಡಿಮೆ 12ರಿಂದ 25 ಕಿಲೋಮೀಟರ್‌ಗೆ ಒಂದು ಊರು. ಎತ್ತಿನ ಗಾಡಿ ಒಂದು ದಿನಕ್ಕೆ ನಡೆಯುವಷ್ಟು ದೂರ ಅದು. ಸಂಜೆ ಆಗುವಷ್ಟರಲ್ಲಿ ಒಂದು ಪೇಟೆ, ಒಂದು ಕೆರೆ, ಎತ್ತಿಗೆ ನೀರು, ಮನುಷ್ಯನಿಗೆ ಮಲಗಲು ಜಗಲಿ ಸಿಗಬೇಕಿತ್ತು. ಅದಕ್ಕೇ ರಸ್ತೆ ನೆಟ್ಟಗಿರಲಿಲ್ಲ. ಕೆರೆ ಏರಿ ಹಿಡಿದು, ಪೇಟೆ ಬೀದಿಯ ನಡುವೆ ನುಗ್ಗಿ, ಹೊಳೆ ದಾಟಲು ಅನುಕೂಲವಾದ ಕಡೆ ಬಾಗಿ ಹೋಗುತ್ತಿತ್ತು. ಹೊಳೆಗಳೂ ಕಡಿಮೆ ಇಲ್ಲ. ರಾಮನಗರದಲ್ಲಿ ಅರ್ಕಾವತಿ, ಚನ್ನಪಟ್ಟಣದ ಹತ್ತಿರ ಕಣ್ವ, ಮದ್ದೂರಿನಲ್ಲಿ ಶಿಂಷಾ, ಶ್ರೀರಂಗಪಟ್ಟಣದಲ್ಲಿ ಎರಡು ಕವಲಾದ ಕಾವೇರಿ.

ಶ್ರೀರಂಗಪಟ್ಟಣಕ್ಕೆ ಹೋದರೆ ನಿಮ್ಮ ತಂದೆಗೆ ವೆಲ್ಲೆಸ್ಲಿ ಸೇತುವೆ ತೋರಿಸಿ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು. ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಕಲ್ಲು ಚಪ್ಪಡಿ ಹಾಸಿದ ಕೆಲಸ. ಎಷ್ಟು ಪ್ರವಾಹ ಬಂದು ಹೋದರೂ ನಿಂತಿದೆ. ನಾನು ಅಲ್ಲಿಗೆ ಹೋದಾಗೆಲ್ಲ ಸ್ವಲ್ಪ ಹೊತ್ತು ನಿಂತು ನೋಡಿಯೇ ಬರುತ್ತೇನೆ. ಕಂಬ ಕಂಬದ ನಡುವೆ ನೀರಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ಅನ್ನೋದೇ ಒಂದು ಪಾಠ.

ರಸ್ತೆ ಸಾಲದೆ ಬಂದದ್ದು ಯಾಕೆ ಅಂತ ಕೇಳಿದರೆ ಎಲ್ಲರೂ "ಕಾರು ಜಾಸ್ತಿ ಆಯ್ತು" ಅಂತಾರೆ. ಅದು ಅರ್ಧ ಸತ್ಯ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನನ್ನು ವಾಹನ ಎಣಿಸಲು ಕೂರಿಸಿದ್ದರು. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಒಂದು ಸ್ಟೂಲು, ಮಡಿಲಲ್ಲಿ ರಟ್ಟು, ರಟ್ಟಿನ ಮೇಲೆ ಗೆರೆ ಹಾಕಿದ ಹಾಳೆ. ನಾಲ್ಕು ಗೀಟು ಹಾಕಿ ಐದನೇದು ಅಡ್ಡ ಎಳೆಯೋದು, ಏಳು ದಿನ, ಹಗಲು ರಾತ್ರಿ ಪಾಳಿಯಲ್ಲಿ. ಆ ಎಣಿಕೆಯಲ್ಲಿ ಎಲ್ಲ ವಾಹನಕ್ಕೂ ಒಂದೇ ತೂಕ ಇಲ್ಲ. ರಸ್ತೆ ಕೆಲಸಕ್ಕೆ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದಲ್ಲಿ ಕಾರು 1 ಅಂದರೆ ಬೈಕು ಅರ್ಧ, ಬಸ್ಸು ಲಾರಿ 3, ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ ನಾಲ್ಕೂವರೆ, ಎತ್ತಿನ ಗಾಡಿ 8. ಒಂದು ಕಬ್ಬಿನ ಗಾಡಿ ಎಂಟು ಕಾರಿನಷ್ಟು ರಸ್ತೆ ತಿನ್ನುತ್ತದೆ ಅಂತ ಅರ್ಥ. ಜಾಗ ಅಷ್ಟು ದೊಡ್ಡದಲ್ಲ, ನಿಧಾನ ಹೋಗುವುದರಿಂದ ಹಿಂದಿನವರೆಲ್ಲ ಕಾಯಬೇಕು, ಅದಕ್ಕೆ.

ಮಂಡ್ಯ ಕಡೆಗೆ ಇದು ಎಷ್ಟು ಮುಖ್ಯ ಅಂತ ನಿಮಗೆ ಗೊತ್ತೇ ಇದೆ. ಕೃಷ್ಣರಾಜಸಾಗರದ ನಾಲೆ ನೀರು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, ಸುತ್ತ ಕಬ್ಬು ಬಂತು, ಆಲೆಮನೆ ಬಂತು. ಕಬ್ಬು ಕಡಿಯುವ ಕಾಲದಲ್ಲಿ ಎರಡು ಲೇನ್‌ನ ರಸ್ತೆಯಲ್ಲಿ ಗಾಡಿಗಳ ಸಾಲು, ಹಿಂದೆ ಮೈಸೂರು ಬಸ್ಸು, ಅದರ ಹಿಂದೆ ಲಾರಿ, ಎದುರಿನಿಂದ ಇನ್ನೊಂದು ಬಸ್ಸು. ಡ್ರೈವರ್‌ಗೆ ತಾಳ್ಮೆ ತಪ್ಪಿ ಬಲಕ್ಕೆ ತೆಗೆದರೆ ಮುಗಿಯಿತು. ಹಳೇ ರಸ್ತೆಯ ಸಾವುಗಳಲ್ಲಿ ಮುಖಾಮುಖಿ ಡಿಕ್ಕಿಗಳದ್ದು ದೊಡ್ಡ ಪಾಲು. ಎದುರು ಬದುರಿನ ವಾಹನಗಳ ನಡುವೆ ಒಂದು ತಡೆ ಬೇಕೇ ಬೇಕಿತ್ತು.

ಆ ತಡೆ ಬಂದದ್ದು 2000ದ ದಶಕದಲ್ಲಿ. ಆಗ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, 1999ರಿಂದ 2004ರವರೆಗೆ. ಅವರ ಊರು ಸೋಮನಹಳ್ಳಿ ಇದೇ ಮದ್ದೂರು ತಾಲ್ಲೂಕಿನದು. 1999ರಲ್ಲಿ ಶುರುವಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಈ ರಸ್ತೆಯನ್ನು ಚತುಷ್ಪಥ ಮಾಡಿತು. ಆ ಕಡೆ ಎರಡು ಲೇನ್, ಈ ಕಡೆ ಎರಡು ಲೇನ್, ನಡುವೆ ಡಿವೈಡರ್. ಸಾಲುಮರಗಳು ಹೋದವು. ಅದು ಈಗಲೂ ನೋವಿನ ವಿಷಯ, ಬೇಸಿಗೆಯಲ್ಲಿ ಆ ನೆರಳಲ್ಲಿ ಹೋದವರಿಗೆ ಗೊತ್ತು.

ಡಿವೈಡರ್ ಮುಖಾಮುಖಿ ಡಿಕ್ಕಿಗೆ ನಿಜಕ್ಕೂ ಒಳ್ಳೇ ಔಷಧಿ. ಆದರೆ ಚತುಷ್ಪಥ ಊರುಗಳ ಒಳಗೇ ಹೋಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲದರ ಎದೆ ಸೀಳಿಕೊಂಡು. ವೇಗ ಜಾಸ್ತಿ ಆಯಿತು, ದಾಟುವ ಜನ ಅಷ್ಟೇ ಇದ್ದರು. ಶಾಲೆ ಒಂದು ಬದಿ, ಮನೆ ಇನ್ನೊಂದು ಬದಿ. ಗದ್ದೆ ಆ ಕಡೆ, ಕೊಟ್ಟಿಗೆ ಈ ಕಡೆ. ಹಾಗಾಗಿ ಪ್ರತಿ ಊರಲ್ಲೂ ಡಿವೈಡರ್ ಒಡೆದು ಒಂದು ಸಂದಿ. ಸಂದಿ ಇದ್ದ ಕಡೆ ಅಪಘಾತ, ಅಪಘಾತ ಆದ ಕಡೆ ರಸ್ತೆ ತಡೆ, ರಸ್ತೆ ತಡೆ ಆದ ಮಾರನೇ ದಿನ ಹಂಪ್. ನಾಲ್ಕು ಲೇನ್‌ನ ಹೆದ್ದಾರಿಯಲ್ಲಿ ಹಂಪ್! ಕಾರಿನಲ್ಲಿ ಕೂತು ಎಣಿಸುತ್ತಾ ಹೋದರೆ ಲೆಕ್ಕ ತಪ್ಪುತ್ತಿತ್ತು. ಮದ್ದೂರಿನ ಹತ್ತಿರದ ಒಂದು ಸಂದಿಯಲ್ಲಿ ಒಬ್ಬ ಅಜ್ಜಿಯನ್ನು ನೋಡಿದ್ದೆ. ತಲೆ ಮೇಲೆ ಹುಲ್ಲಿನ ಹೊರೆ, ಡಿವೈಡರ್ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು. ಹೊರೆ ಅಡ್ಡ ಇದ್ದದ್ದರಿಂದ ಬರುವ ವಾಹನ ಅವರಿಗೆ ಕಾಣುತ್ತಿರಲಿಲ್ಲ. ಸದ್ದು ಕೇಳಿ ದಾಟುತ್ತಿದ್ದರು. ಆ ಚಿತ್ರ ನನ್ನ ತಲೆಯಿಂದ ಹೋಗಿಲ್ಲ. ಡಿವೈಡರ್ ಹಾಕಿದರೆ ಸಾಲದು, ದಾಟುವವರಿಗೆ ಕೆಳಗೋ ಮೇಲೋ ದಾರಿ ಕೊಡಲೇಬೇಕು ಅಂತ ನಾನು ಅವತ್ತಿನಿಂದ ಹೇಳಿಕೊಂಡು ಬಂದಿದ್ದೇನೆ.

ಆಗಲೇ ಅಂಡರ್‌ಪಾಸ್, ಬೈಪಾಸ್ ಯಾಕೆ ಮಾಡಲಿಲ್ಲ ಅಂತ ನೀವು ಕೇಳಬಹುದು. ಇದಕ್ಕೆ ಹಿನ್ನೆಲೆ ಒಂದಿದೆ. 1995ರಲ್ಲೇ, ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ, ಬೆಂಗಳೂರು–ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್‌ಗೆ ಒಡಂಬಡಿಕೆ ಆಗಿತ್ತು, 1997ರಲ್ಲಿ ಒಪ್ಪಂದ. 111 ಕಿಲೋಮೀಟರ್‌ನ ಹೊಸ ಟೋಲ್ ರಸ್ತೆ, ದಾರಿಯಲ್ಲಿ ಟೌನ್‌ಶಿಪ್‌ಗಳು. ಜಮೀನಿನ ತಕರಾರು, ಕೋರ್ಟು ಕಚೇರಿ ಅಂತ ವರ್ಷಗಳು ಉರುಳಿದವು. ಬೆಂಗಳೂರಿನ ಸುತ್ತಲಿನ ಭಾಗ ಆಯಿತು, ಅದೇ ನಾವು ಓಡಾಡುವ ನೈಸ್ ರಸ್ತೆ. ಮೈಸೂರಿಗೆ ಹೋಗಬೇಕಿದ್ದ ರಸ್ತೆ ಮೈಸೂರು ಮುಟ್ಟಲಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ: ವೇಗದ ರಸ್ತೆ ಬೇರೆ ಬರುತ್ತದೆ ಅನ್ನುವ ನಂಬಿಕೆ ಇದ್ದದ್ದರಿಂದ, ಹಳೇ ರಸ್ತೆಯನ್ನು ಅಗಲ ಮಾಡಿದರೆ ಸಾಕು ಅಂತ ಎಲ್ಲರಿಗೂ ಅನ್ನಿಸಿತು. ಇಪ್ಪತ್ತು ವರ್ಷ ಹಾಗೇ ಹೋಯಿತು.

ಆಮೇಲಿನದ್ದು ನೀವು ಕಣ್ಣಾರೆ ನೋಡಿದ್ದೇ. ರಾಷ್ಟ್ರೀಯ ಹೆದ್ದಾರಿ ಆದಮೇಲೆ ಕೆಲಸ ಹೆದ್ದಾರಿ ಪ್ರಾಧಿಕಾರದ ಕೈಗೆ ಹೋಯಿತು. ಎರಡು ಭಾಗ ಮಾಡಿದರು. ಬೆಂಗಳೂರಿನಿಂದ, ಚನ್ನಪಟ್ಟಣ ಮದ್ದೂರು ನಡುವಿನ ನಿಡಘಟ್ಟದವರೆಗೆ 56 ಕಿಲೋಮೀಟರ್, ನಿಡಘಟ್ಟದಿಂದ ಮೈಸೂರಿನವರೆಗೆ 61. ಒಟ್ಟು ಸುಮಾರು 118 ಕಿಲೋಮೀಟರ್, ಖರ್ಚು ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿ ಮೋದಿ ಇದನ್ನು ಉದ್ಘಾಟಿಸಿದ್ದು ನಿಮ್ಮೂರ ಕಡೆಯ ಗೆಜ್ಜಲಗೆರೆಯಲ್ಲೇ.

ನಿಮ್ಮ ತಂದೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ 118ರಲ್ಲಿ ಸುಮಾರು 52 ಕಿಲೋಮೀಟರ್ ಹಳೇ ರಸ್ತೆಯೇ ಅಲ್ಲ, ಹೊಸದಾಗಿ ಹೊಲ ಗದ್ದೆಯ ಮೇಲೆ ಮಾಡಿದ ದಾರಿ. ಬಿಡದಿಗೆ ಒಂದು ಬೈಪಾಸ್, ರಾಮನಗರ ಚನ್ನಪಟ್ಟಣ ಎರಡಕ್ಕೂ ಸೇರಿ 22 ಕಿಲೋಮೀಟರ್‌ನ ಒಂದೇ ಬೈಪಾಸ್, ಆಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಒಟ್ಟು ಐದು. ರಾಮನಗರದ ಬಂಡೆ ಬೆಟ್ಟಗಳು ಕಾಣುತ್ತವೆ, ರೇಷ್ಮೆಗೂಡಿನ ಮಾರುಕಟ್ಟೆ ಕಾಣುವುದಿಲ್ಲ. ಚನ್ನಪಟ್ಟಣದ ಬೋರ್ಡು ಕಾಣುತ್ತದೆ, ಅಂಗಡಿ ಮುಂದೆ ದಾರದಲ್ಲಿ ನೇತುಹಾಕಿದ ಅರಗಿನ ಬಣ್ಣದ ಬೊಂಬೆ, ಕೆಂಪು ಹಳದಿ ಚಕ್ರದ ತಳ್ಳುಗಾಡಿ ಕಾಣುವುದಿಲ್ಲ. ಆ ಅಂಗಡಿಯವರಿಗೆ, ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನವರಿಗೆ, ಮದ್ದೂರಿನ ವಡೆಯವರಿಗೆ ಇದರಿಂದ ಬಿದ್ದ ಹೊಡೆತ ಸಣ್ಣದಲ್ಲ. ಊರೊಳಗೆ ಲಾರಿ ಕಾಟ ತಪ್ಪಿತು, ಮಕ್ಕಳು ನೆಮ್ಮದಿಯಾಗಿ ರಸ್ತೆ ದಾಟಬಹುದು, ಅದೂ ನಿಜ. ಎರಡನ್ನೂ ಒಟ್ಟಿಗೇ ಹೇಳಬೇಕು.

ಈ ರಸ್ತೆಯಲ್ಲಿ ಮೈಸೂರಿಗೆ 75 ನಿಮಿಷ ಸಾಕು ಅನ್ನುವ ಮಾತು ಬಂದಾಗಲೆಲ್ಲ ನಾನು ಲೆಕ್ಕ ಹಾಕಿ ತೋರಿಸುತ್ತೇನೆ. 118 ಕಿಲೋಮೀಟರ್ ಅನ್ನು 75 ನಿಮಿಷದಲ್ಲಿ ಮುಗಿಸಬೇಕಾದರೆ ಗಂಟೆಗೆ ಸರಾಸರಿ 94 ಕಿಲೋಮೀಟರ್ ವೇಗ ಬೇಕು. ಕಾರಿಗೆ ಇರುವ ಮಿತಿಯೇ 100. ಟೋಲ್‌ನಲ್ಲಿ ನಿಧಾನ ಮಾಡಿ, ಒಂದು ಕಾಫಿ ಕುಡಿದರೆ ಆ ಲೆಕ್ಕ ಮುಗಿಯಿತು. ಮೇಲಾಗಿ ಆ 118 ಕೆಂಗೇರಿಯ ಹತ್ತಿರ ನೈಸ್ ರಸ್ತೆಯಿಂದ ಮೈಸೂರಿನ ರಿಂಗ್ ರಸ್ತೆಯವರೆಗೆ ಮಾತ್ರ. ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಸಂಜೆ ಹೊತ್ತು ಎಷ್ಟು ಹೊತ್ತಾಗುತ್ತದೆ ಅಂತ ಬೆಂಗಳೂರಿನವರಿಗೆ ನಾನು ಹೇಳಬೇಕಾ? ಸಿರ್ಸಿ ಸರ್ಕಲ್ ಮೇಲ್ಸೇತುವೆ 1999ರಲ್ಲಿ ಬಂತು, ಮೆಟ್ರೋ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂತು, ಆದರೂ ನಾಯಂಡಹಳ್ಳಿಯಲ್ಲಿ ನಿಲ್ಲೋದು ತಪ್ಪಿಲ್ಲ. ಅಲ್ಲಿ ಕಳೆದ ಸಮಯ ಸರಿದೂಗಿಸಲು ಹೆದ್ದಾರಿಯಲ್ಲಿ 130 ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಕ್ಯಾಮೆರಾ ಇದೆ ಅಂತಲ್ಲ. 100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ, 130ರಲ್ಲಿ 36. ಬ್ರೇಕ್ ಮೇಲೆ ಕಾಲು ಇಡುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ.

ನೀರಿನ ವಿಷಯ ಹೇಳದೆ ಈ ರಸ್ತೆಯ ಕಥೆ ಪೂರ್ತಿ ಆಗಲ್ಲ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿಯೇ ಹೊಳೆ ಆಗಿತ್ತು. ಉದ್ಘಾಟನೆ ಆಗಿ ವಾರ ಕಳೆಯುವುದರೊಳಗೆ ಅದೇ ಕಡೆ ಅಂಡರ್‌ಪಾಸ್‌ನಲ್ಲಿ ಮತ್ತೆ ನೀರು ನಿಂತಿತು. ಅಷ್ಟು ಖರ್ಚು ಮಾಡಿದ ರಸ್ತೆಯಲ್ಲಿ ಯಾಕೆ ಹೀಗೆ ಅಂತ ಜನ ಸಿಟ್ಟಾಗಿದ್ದು ಸಹಜ. ನಮ್ಮ ಕಡೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಹೊಳೆಗೆ. ಊರೊಳಗಿನ ಹಳೇ ರಸ್ತೆ ಆ ನೀರಿನ ಜೊತೆ ರಾಜಿ ಮಾಡಿಕೊಂಡು ಬಾಗುತ್ತಿತ್ತು. ಬೈಪಾಸ್ ಹಾಗಲ್ಲ, ನೆಟ್ಟಗೆ ಅಡ್ಡ ಬರುತ್ತದೆ. ಕೆಳಗೆ ಜನ ದಾಟಬೇಕು ಅಂತ ರಸ್ತೆಯನ್ನು ಮಣ್ಣು ತುಂಬಿ ಎತ್ತರಿಸುತ್ತಾರೆ. ಎತ್ತರಿಸಿದ ರಸ್ತೆ ಅಂದರೆ ನೀರಿಗೆ ಅದು ಒಂದು ಕೆರೆ ಏರಿ. ರಸ್ತೆ ಕೆಳಗೆ ನೀರು ದಾಟುವ ಮೋರಿ ಸಣ್ಣದಾದರೆ, ಚರಂಡಿಗೆ ಯಾರಾದರೂ ಮಣ್ಣು ಹಾಕಿ ದಾರಿ ಮಾಡಿಕೊಂಡರೆ, ನೀರಿಗೆ ಉಳಿಯುವ ದಾರಿ ಒಂದೇ. ಅಂಡರ್‌ಪಾಸ್. ಅದೇ ಅಲ್ಲಿನ ತಗ್ಗು ಜಾಗ. ಮೋರಿಯ ಅಳತೆ ಕೂರಿಸುವ ಮೊದಲು ಕೆರೆ ನೀರು ನೋಡಿಕೊಳ್ಳುವ ಊರಿನ ನೀರುಗಂಟಿಯನ್ನು ಕೇಳಿ ಅಂತ ನಮ್ಮ ಹಿರಿಯ ಇಂಜಿನಿಯರುಗಳು ಹೇಳುತ್ತಿದ್ದರು. ಯಾವ ವರ್ಷ ಯಾವ ಕೋಡಿ ಎಷ್ಟು ಹರಿಯಿತು ಅನ್ನೋದು ಅವನ ಬಾಯಲ್ಲಿರುತ್ತಿತ್ತು.

ಈಗ ಸರ್ವಿಸ್ ರಸ್ತೆ. 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರ್, ಆಟೋ, ಟ್ರ್ಯಾಕ್ಟರ್, ಸೈಕಲ್, ಎತ್ತಿನ ಗಾಡಿ ಯಾವುದೂ ನಡುವಿನ ಆರು ಲೇನ್‌ಗೆ ಹೋಗುವಂತಿಲ್ಲ. 100ರಲ್ಲಿ ಬರುವ ಕಾರು, 40ರಲ್ಲಿ ಹೋಗುವ ಸ್ಕೂಟರ್ ಒಂದೇ ಲೇನ್‌ನಲ್ಲಿದ್ದರೆ ಸಾಯುವುದು ಸ್ಕೂಟರ್‌ನವನು. ಈ ನಿಷೇಧ ಸರಿ ಅಂತಲೇ ನಾನು ಹೇಳುತ್ತೇನೆ. ಆದರೆ ನಿಷೇಧ ಮಾಡಿದ ಮೇಲೆ ಸರ್ವಿಸ್ ರಸ್ತೆ ಅಷ್ಟೇ ಚೆನ್ನಾಗಿರಬೇಕಲ್ವಾ? ಕೆಲವು ಕಡೆ ಸೇತುವೆ ಬಂದಾಗ ಅದು ನಿಂತೇ ಹೋಗುತ್ತದೆ, ಸುತ್ತಿ ಬರಬೇಕು. ಕೆಲವು ಕಡೆ ಬೀದಿ ದೀಪ ಇಲ್ಲ. ಅಂಡರ್‌ಪಾಸ್ ದೂರ ಇದ್ದರೆ ಕಬ್ಬಿನ ಟ್ರ್ಯಾಕ್ಟರ್‌ನವನು ಎದುರು ದಿಕ್ಕಿನಲ್ಲೇ ಬಂದುಬಿಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ಆ ಹೊರೆ ಇಟ್ಟುಕೊಂಡು ಅಷ್ಟು ದೂರ ಯಾರು ಸುತ್ತುತ್ತಾರೆ? ದಶಪಥದಲ್ಲಿ ಆರು ಲೇನ್‌ಗೆ ಕೊಟ್ಟ ಗಮನ ಉಳಿದ ನಾಲ್ಕಕ್ಕೂ ಸಿಗಬೇಕು ಅಂತ ನಾನು ಯಾವ ಸಭೆಗೆ ಕರೆದರೂ ಹೋಗಿ ಹೇಳುತ್ತೇನೆ.

ಟೋಲ್ ಬಗ್ಗೆ ಚುಟುಕಾಗಿ. ಮೊದಲ ಭಾಗಕ್ಕೆ 2023ರ ಮಾರ್ಚ್ 14ರಿಂದ ಶುರು, ಆಗ ಕಾರಿಗೆ ಒಂದು ಕಡೆಗೆ 135 ರೂಪಾಯಿ ಇತ್ತು. ಎರಡನೇ ಭಾಗಕ್ಕೆ ಜುಲೈ 1ರಿಂದ, 155 ರೂಪಾಯಿ. ಆಮೇಲೆ ದರ ಬದಲಾಗಿದೆ. ಬಿಡದಿ ಕಡೆ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ ಟೋಲ್ ಇದೆ, ಎರಡನೇದು ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ. ನಿಮ್ಮೂರು ಮಂಡ್ಯಕ್ಕಿಂತ ಈ ಕಡೆ ಇರುವುದರಿಂದ ಗಣಂಗೂರು ನಿಮಗೆ ಸಿಗುವುದೇ ಇಲ್ಲ.

ಹಳೇ ರಸ್ತೆ ಏನಾಯಿತು ಅಂದಿರಿ. ಎಲ್ಲಿಗೂ ಹೋಗಿಲ್ಲ. ಬೈಪಾಸ್ ಇರುವ ಕಡೆಯೆಲ್ಲ ಅದು ಊರೊಳಗೆ ಹಾಗೇ ಇದೆ, ಅದೇ ನಾಲ್ಕು ಲೇನ್, ಅದೇ ಡಿವೈಡರ್. ಬೈಪಾಸ್ ಇಲ್ಲದ ಕಡೆ ಹೊಸ ರಸ್ತೆಯ ಕೆಳಗೆ ಸೇರಿಹೋಗಿದೆ.

ಹಾಗಾಗಿ ನಿಮ್ಮ ತಂದೆ ಸ್ಕೂಟರ್‌ನಲ್ಲಿ ಹೋಗಬಹುದು. ಭಾನುವಾರ ಬೆಳಗ್ಗೆ ಆರಕ್ಕೆ ಹೊರಡಲಿ, ನೀವೂ ಹಿಂದೆ ಕೂತುಕೊಳ್ಳಿ. ಕೆಂಗೇರಿ ದಾಟಿದ ಮೇಲೆ ಎಡಕ್ಕೇ ಇರಿ, ಕುಂಬಳಗೋಡಿನಲ್ಲಿ ಮೇಲ್ಸೇತುವೆ ಹತ್ತಬೇಡಿ, ಕೆಳಗಿನ ರಸ್ತೆ ಹಿಡಿಯಿರಿ. ಬಿಡದಿ ಊರೊಳಗೆ ಹೋಗಿ, ಅಲ್ಲೇ ತಟ್ಟೆ ಇಡ್ಲಿ ತಿನ್ನಿ. ಮುಂದೆ ಸರ್ವಿಸ್ ರಸ್ತೆಯಲ್ಲೇ ಹೋದರೆ ರಾಮನಗರದ ಒಳಗೆ ಬರುತ್ತೀರಿ, ಅಲ್ಲಿಂದ ಚನ್ನಪಟ್ಟಣದವರೆಗೆ ಅವರಿಗೆ ಪರಿಚಯದ ಹಳೇ ರಸ್ತೆಯೇ. ಜಾನಪದ ಲೋಕ ಆ ದಾರಿಯಲ್ಲೇ ಸಿಗುತ್ತದೆ. ಚನ್ನಪಟ್ಟಣ ಬಿಟ್ಟ ಮೇಲೆ ನಿಡಘಟ್ಟದ ಕಡೆ ಮತ್ತೆ ಸರ್ವಿಸ್ ರಸ್ತೆ, ಅಲ್ಲಿ ಎದುರು ಬರುವ ಟ್ರ್ಯಾಕ್ಟರ್ ನೋಡಿಕೊಂಡು ನಿಧಾನ ಹೋಗಿ. ಮದ್ದೂರಿನಲ್ಲಿ ಮೇಲಿನ ರಸ್ತೆ ಬಿಟ್ಟು ಪೇಟೆಯೊಳಗೆ ಹೋದರೆ ಉಳಿದ ದಾರಿ ನಿಮ್ಮ ತಂದೆಗೇ ಗೊತ್ತು.